ಮಾತಾಡುವ ಪಟದ ಪಕ್ಕದಲ್ಲಿ

ಗೋಡೆಗೆ ಬಣ್ಣ ಹೊಡೆಯುವ ಮೊದಲು ಪಟಗಳನ್ನೆಲ್ಲ ಇಳಿಸುತ್ತಾರಲ್ಲ, ಆಗ ಆ ಪಟ ಇದ್ದ ಜಾಗವನ್ನು ನೀವು ಗಮನಿಸಿದ್ದೀರಾ? ಸುತ್ತಲಿನ ಗೋಡೆ ಹೊಗೆ, ಧೂಳು, ಒರಗಿ ಕೂತವರ ಎಣ್ಣೆತಲೆ ಎಲ್ಲ ತಾಗಿ ಮಾಸಿರುತ್ತದೆ. ಪಟದ ಹಿಂದಿನ ಆ ಒಂದು ಚೌಕ ಮಾತ್ರ ನಿನ್ನೆ ಹೊಡೆದಷ್ಟು ಹೊಸದಾಗಿರುತ್ತದೆ. ಬ್ರಹ್ಮಾವರದಲ್ಲಿ ಪೇಂಟಿನ ಅಂಗಡಿ ಇಟ್ಟುಕೊಂಡ ನನಗೆ ಈ ಚೌಕದಿಂದ ದೊಡ್ಡ ಉಪಕಾರವುಂಟು. ಮನೆಯವರು "ಮೊದಲಿದ್ದ ಬಣ್ಣವೇ ಬೇಕು" ಎನ್ನುತ್ತಾರೆ, ಆದರೆ ಆ ಮೊದಲಿನ ಬಣ್ಣ ಯಾವುದೆಂದು ಒಬ್ಬರಿಗೂ ನೆನಪಿರುವುದಿಲ್ಲ. ಗಂಡ ಹಸಿರು ಎಂದರೆ ಹೆಂಡತಿ ನೀಲಿ ಎನ್ನುತ್ತಾಳೆ. ಆಗ ನಾನು ಅಜ್ಜನ ಪಟವನ್ನು ಸ್ವಲ್ಪ ಓರೆ ಮಾಡಿ ಹಿಂದೆ ಇಣುಕುತ್ತೇನೆ. ಅಜ್ಜಂದಿರು ಹೋದ ಮೇಲೂ ಮನೆಯ ಜಗಳ ಬಗೆಹರಿಸುವುದು ಹೀಗೆ.

ಹಿಂದೆ ಇಣುಕಿದವನು ಮುಂದೆಯೂ ನೋಡಬೇಕಲ್ಲ. ಹಾಗೆ ನೋಡುತ್ತ ನೋಡುತ್ತ ನನಗೆ ಒಬ್ಬರ ಹುಚ್ಚು ಹಿಡಿಯಿತು. ವಾಸಣ್ಣ. ಕುಂದಾಪುರದಲ್ಲಿ ಅವರದೊಂದು ಸ್ಟುಡಿಯೋ ಇತ್ತಂತೆ. ಈಗ ಆ ಜಾಗದಲ್ಲಿ ಮೊಬೈಲಿನ ಕವರು ಮಾರುತ್ತಾರೆ, ವಾಸಣ್ಣನೂ ಇಲ್ಲ. ಅವರನ್ನು ನಾನು ಕಂಡವನಲ್ಲ. ಆದರೆ ಬೈಂದೂರಿನಿಂದ ಇತ್ತ ಯಾವ ಮನೆಯ ಚಾವಡಿಗೆ ಹೋದರೂ, ಗೋಡೆಯ ತುಂಬ ಇರುವ ಹತ್ತಾರು ಮುಖಗಳಲ್ಲಿ ಅವರು ತೆಗೆದದ್ದನ್ನು ದೂರದಿಂದಲೇ ಹೇಳಬಲ್ಲೆ. ಉಳಿದ ಪಟದವರು ನಮ್ಮನ್ನು ನೋಡುತ್ತಿರುತ್ತಾರೆ. ವಾಸಣ್ಣನ ಪಟದವರು ನಮ್ಮ ಹತ್ತಿರ ಏನೋ ಹೇಳಲು ಹೊರಟಿರುತ್ತಾರೆ. ಒಂದೇ ಕ್ಷಣ ತಡೆದರೆ ಮಾತು ಹೊರಗೆ ಬಂತು ಎನ್ನುವ ಹಾಗೆ.

"ಬಣ್ಣದ್ ಅಳ್ತಿಗ್ ಹೋದರ್, ಮತ್ತೊಬ್ರ್ ಅಜ್ಜನ ಮುಖ ಕಾಂತಾ ನಿಂತ್ಕಂಡ್ರೆ ಆ ಮನೆಯರ್ ಎಂತ ತಿಳ್ಕಂಬುದ್?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅವಳು ಕೇಳುವುದೂ ಸರಿಯೇ. ಒಬ್ಬರ ಮನೆಯಲ್ಲಿ ನಾನು ಹಾಗೆ ನಿಂತದ್ದನ್ನು ಕಂಡು, ತೀರಿಹೋದ ಅಜ್ಜನ ಮೇಲೆ ನನಗೆ ಅಷ್ಟು ಭಕ್ತಿ ಇದೆಯೆಂದು ತಿಳಿದು, ಊಟಕ್ಕೆ ಒಳಗೆ ಕರೆದುಕೊಂಡು ಹೋಗಿದ್ದರು. ಊಟ ಮಾಡಿ ಬಂದೆ. ಬೇಡ ಎನ್ನಲು ಬಾಯಿ ಬರಲಿಲ್ಲ.

ಈ ಹುಚ್ಚು ಹುಚ್ಚಾಗಿಯೇ ಉಳಿಯುತ್ತಿತ್ತೋ ಏನೋ. ಅದು ಹಟವಾಗಿ ತಿರುಗಿದ್ದು ಹೆಮ್ಮಾಡಿಯ ಗಿರಿಜ ಚಿಕ್ಕಮ್ಮನ ಮನೆಯಲ್ಲಿ. ಅವರು ನನ್ನ ಅಮ್ಮನ ತಂಗಿ. ಚಿಕ್ಕಪ್ಪ ದೋಣಿಗೆ ಹೋಗುತ್ತಿದ್ದರು, ಚಿಕ್ಕಮ್ಮ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರುತ್ತಿದ್ದರು. ಚಿಕ್ಕಪ್ಪ ತೀರಿಕೊಂಡು ಬಹಳ ಕಾಲವಾಯಿತು. ಈ ಮಳೆಗಾಲದಲ್ಲಿ ಚಿಕ್ಕಮ್ಮನೂ ಎದೆನೋವೆಂದು ಒಮ್ಮೆ ಆಸ್ಪತ್ರೆಗೆ ಸೇರಿ ಮನೆಗೆ ಬಂದರು. ಬಂದವರು ಮೊದಲು ಹೇಳಿದ ಮಾತು, ಮನೆಗೆ ಬಣ್ಣ ಹೊಡೆಸಬೇಕು. ಮಗ ಸೊಸೆ ಹೂಂ ಎಂದರು. ಬಣ್ಣ ನನ್ನದು, ಹೊಡೆಯುವವನು ನನ್ನ ಖಾಯಂ ಪೇಂಟರು ಚಂದ್ರ.

ಚಾವಡಿಯ ಗೋಡೆಯಲ್ಲಿ ಚಿಕ್ಕಪ್ಪನ ಪಟವಿತ್ತು. ವಾಸಣ್ಣ ತೆಗೆದದ್ದು. ಎಣ್ಣೆ ಹಚ್ಚಿ ಬಾಚಿದ ಕೂದಲು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿ, ಮುಖ ಸ್ವಲ್ಪ ಓರೆ, ತುಟಿ ಬಿಚ್ಚಿದೆ. ಬದುಕಿದ್ದಾಗ ಚಿಕ್ಕಪ್ಪ ಒಂದು ವಾಕ್ಯವನ್ನು ಪೂರ್ತಿ ಆಡಿದ್ದನ್ನು ನಾನು ಕೇಳಿಲ್ಲ. ಆ ಪಟದಲ್ಲಿ ಮಾತ್ರ ಭಾಷಣ ಮಾಡುವವರ ಹಾಗಿದ್ದಾರೆ. ಚಂದ್ರ ಪಟ ಇಳಿಸಿ, ಪಕ್ಕದಲ್ಲಿದ್ದ ಖಾಲಿ ಮೊಳೆಗೆ ಸುತ್ತಿಗೆ ಸಿಕ್ಕಿಸಿದ.

"ಅಮ್ಮಾ, ಈ ಮೊಳಿ ತೆಗುದಾ?"

"ಮುಟ್ಬೇಡ. ಅದ್ ನಂದ್" ಎಂದರು ಚಿಕ್ಕಮ್ಮ.

ಚಂದ್ರ ನನ್ನ ಮುಖ ನೋಡಿದ. ಚಿಕ್ಕಮ್ಮ ಬೆಂಚಿನ ಮೇಲೆ ಕೂತು, ಬಹಳ ದಿನದಿಂದ ತಯಾರು ಮಾಡಿಟ್ಟುಕೊಂಡವರ ಹಾಗೆ ಹೇಳಿದರು: "ನಾ ಸತ್ತ್ ಮ್ಯಾಲೆ ಇವ್ರೆಲ್ಲ ಆಧಾರ್ ಕಾರ್ಡಿನ್ ಫೋಟೋನೇ ದೊಡ್ಡದ್ ಮಾಡ್ಸಿ ಆ ಮೊಳಿಗ್ ಹಾಕ್ತ್ರ್. ನಂಗೊತ್ತಿತ್ತ್. ಅವ್ರ್ ಪಟದಗೆ ಮಾತಾಡ್ತಾ ಇದ್ರ್. ನಾ ಬದಿಯಗೆ ಮೋರಿ ಊದ್ಸ್ಕಂಡ್ ಕೂಕಂಬುದಾ? ಬಂದರ್ ಕಂಡ್ ಎಂತ ಹೇಳುದ್? ಗಂಡ ಹೆಂಡ್ತಿಗೆ ಸಮಾ ಇರ್ಲಿಲ್ಲೆ ಅಂದೇಳಿ ಹೇಳ್ತ್ರ್."

"ಹಾಂಗೆಲ್ಲ ಎಂತಕ್ಕೆ ಚಿಕ್ಕಮ್ಮ..." ಎಂದೆ.

"ಹಾಂಗೇನಾರೂ ಹಾಕ್ರೆ, ಕಾಕಿ ಆಯಿ ಬಂದ್ರೂ ನಾ ಅನ್ನ ಮುಟ್ಟುದಿಲ್ಲೆ."

ನಮ್ಮಲ್ಲಿ ಹೋದವರಿಗೆಂದು ಬಡಿಸಿಟ್ಟ ಎಲೆಯನ್ನು ಕಾಗೆ ಮುಟ್ಟದಿದ್ದರೆ ಮನೆಯವರಿಗೂ ನೆಂಟರಿಗೂ ಊಟವಿಲ್ಲ. ಹಾಗಾಗಿ ಇದು ಸಣ್ಣ ಬೆದರಿಕೆಯಲ್ಲ. ಅವರ ಆಧಾರ್ ಕಾರ್ಡನ್ನೂ ನೋಡಿದೆ. ಆಧಾರಿನಲ್ಲಿ ನಾವೆಲ್ಲರೂ ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದವರ ಹಾಗೆಯೇ ಇರುತ್ತೇವೆ. ಚಿಕ್ಕಮ್ಮ ಸಿಕ್ಕಿಬಿದ್ದು, ತಪ್ಪನ್ನೂ ಒಪ್ಪಿಕೊಂಡವರ ಹಾಗಿದ್ದರು. ತಮಾಷೆ ಅನ್ನಿಸಿದ್ದು ಒಂದು ಗಳಿಗೆ ಮಾತ್ರ. ಆಸ್ಪತ್ರೆಯ ಮಂಚದ ಮೇಲೆ ಇವರು ತಮ್ಮ ನೋವು ಬಿಟ್ಟು ಇದನ್ನು ಯೋಚಿಸುತ್ತ ಮಲಗಿದ್ದರಲ್ಲ ಎನಿಸಿತು.

"ನಾ ತೆಗಿತೆ. ಬದಿಗ್ ಹಾಕುವಂತದ್ದೇ ತೆಗಿತೆ" ಎಂದೆ.

"ನೀನಾ? ನನ್ನ್ ಮಗನ ಮದಿಯಗೆ ನೀ ತೆಗ್ದದ್ರಗೆ ಒಬ್ರಿಗೂ ತಲಿ ಇರ್ಲಿಲ್ಲೆ."

"ಈ ಸಲ ತಲಿ ಇರತ್ತ್."

ಆ ದಿನವೇ ಶುರು ಮಾಡಿದೆ. ಚಿಕ್ಕಮ್ಮ ಮುಖ ತೊಳೆದು, ಪೌಡರು ಹಾಕಿ, ಒಳ್ಳೆಯ ಸೀರೆ ಉಟ್ಟು ಬಂದು ಕುರ್ಚಿಯ ಮೇಲೆ ಕೂತರು. ಎರಡೂ ಅಂಗೈ ಮೊಣಕಾಲಿನ ಮೇಲೆ. ನಾನು ಮೊಬೈಲು ಎತ್ತಿದ್ದೇ ತಡ, ಉಸಿರು ಒಳಗೆಳೆದು ಕಲ್ಲಾದರು. ಫೋಟೋ ನೋಡಿದರೆ ಮತ್ತೆ ಆಧಾರ್ ಕಾರ್ಡು, ಸ್ವಲ್ಪ ಪೌಡರು ಹೆಚ್ಚು.

ತಪ್ಪು ಅವರದ್ದಲ್ಲ. ನಮ್ಮನ್ನು ಬೆಳೆಸಿದ್ದೇ ಹಾಗೆ. "ಫೋಟೋ ತೆಗುವತ್ತಿಗೆ ಉಸ್ರ್ ಬಿಡುಕಾಗ, ಪಟ ಅಲಗತ್ತ್" ಎಂದು ನನ್ನ ಅಜ್ಜ ಹೇಳುತ್ತಿದ್ದರು. ಅಜ್ಜ ಹೇಳಿದ ಮೇಲೆ ಮುಗಿಯಿತು. ನಾನು ಚಿಕ್ಕವನಿದ್ದಾಗ ಊರಿಗೆ ಬಂದ ಯಾರೋ ಒಬ್ಬ ಕ್ಯಾಮರಾದವನಿಂದ ಇಡೀ ಕುಟುಂಬದ ಫೋಟೋ ತೆಗೆಸಿದ್ದರು. ಅವನು ಪೆಟ್ಟಿಗೆ ಬಿಚ್ಚುವಾಗಲೇ ನಾವೆಲ್ಲ ಉಸಿರು ಹಿಡಿದಾಗಿತ್ತು. ಅವನ ತಯಾರಿ ಮುಗಿಯುವಷ್ಟರಲ್ಲಿ ನನಗೆ ಕಣ್ಣು ಕತ್ತಲೆ ಬಂದು ಹಿಂದಿದ್ದ ದೊಡ್ಡಮ್ಮನ ಮೇಲೆ ಬಿದ್ದೆ. ಆ ಫೋಟೋ ಈಗಲೂ ಇದೆ. ಎಲ್ಲರ ಕೆನ್ನೆಯೂ ಉಬ್ಬಿ, ಕಣ್ಣು ಹೊರಗೆ ಬಂದು, ನಮ್ಮದು ಮೀನಿನ ಕುಟುಂಬ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಇದೇ ಜನರ, ಇದೇ ಉಬ್ಬಿದ ಕೆನ್ನೆಗಳ ಎದುರು ನಿಂತು ವಾಸಣ್ಣ ಏನು ಮಾಡುತ್ತಿದ್ದರು? ಇದನ್ನು ಕಂಡುಹಿಡಿಯದೆ ಬಿಡುವುದಿಲ್ಲ ಎಂದು ನಿಶ್ಚಯ ಮಾಡಿದೆ. ಅಲ್ಲಿಯವರೆಗೆ ಅವರ ಪಟಗಳನ್ನು ಇಷ್ಟಪಡುತ್ತಿದ್ದೆ ಅಷ್ಟೆ. ಇಷ್ಟಪಡುವುದಕ್ಕೂ ಓದುವುದಕ್ಕೂ ಎಷ್ಟು ಅಂತರವಿದೆ ಎಂದು ಆಮೇಲೆ ತಿಳಿಯಿತು.

ಮೊದಲು ಕಂಡದ್ದು ಬೆಳಕು. ಅವರ ಎಲ್ಲ ಪಟಗಳಲ್ಲಿಯೂ ಬೆಳಕು ಒಂದು ಮಗ್ಗುಲಿಂದ ಬಂದು ಮೂಗಿನ ಹತ್ತಿರ ಮೆತ್ತಗಾಗುತ್ತದೆ. ಸರಿ, ಸಿಕ್ಕಿತು ಎಂದು ಹೆಮ್ಮಾಡಿಗೆ ಓಡಿ ಚಿಕ್ಕಮ್ಮನನ್ನು ಕಿಟಕಿಯ ಹತ್ತಿರ ಕೂರಿಸಿದೆ. ಅವರು ಕಣ್ಣು ಕಿರಿದು ಮಾಡಿ, ಬಿಸಿಲಿನಲ್ಲಿ ಬಸ್ಸಿನ ಬೋರ್ಡು ಓದುವವರ ಹಾಗೆ ಕೂತರು. ಆಮೇಲೆ, ವಾಸಣ್ಣನ ಪಟದಲ್ಲಿ ಯಾರೂ ಬೆನ್ನು ಒರಗಿಸಿಲ್ಲ ಎಂಬುದು ಕಣ್ಣಿಗೆ ಬಿತ್ತು. ಸ್ಟೂಲು ತಂದೆ. ಚಿಕ್ಕಮ್ಮ ಅದರ ಮೇಲೆ ತೆಂಗಿನಕಾಯಿ ಹೆರೆಯಲು ಕೂತವರಂತೆ ಕೂತರು. ಆ ಪಟಗಳಲ್ಲಿ ಕೈಗಳು ಸುಮ್ಮನಿರುವುದಿಲ್ಲ ಎಂಬುದು ಇನ್ನೊಂದು ದಿನ ಹೊಳೆದು, ಕೈಯಲ್ಲಿ ಹಿಡಿಯಲು ಒಂದು ದಾಸವಾಳ ಕೊಟ್ಟೆ.

"ನಾನೆಂತ ಮದಿಮಗಳಾ?" ಎಂದು ಅದನ್ನು ದೇವರಿಗೆ ಇಟ್ಟು ಬಂದರು.

ಚಂದ್ರ ಏಣಿಯ ಮೇಲಿಂದ, "ಅಣ್ಣಾ, ಗ್ವಾಡಿ ಒಣಗುಕಾರೂ ಬಿಡಿ" ಎಂದ.

ಹೀಗಿರುವಾಗ ಬಿಜೂರಿನ ಒಂದು ಮನೆಗೆ ಬಣ್ಣದ ಅಳತೆಗೆ ಹೋದೆ. ತೆಂಗಿನ ತೋಟದ ನಡುವಿನ ಮನೆ. ಚಾವಡಿಯಲ್ಲಿ ಒಬ್ಬ ಹುಡುಗಿಯ ಪಟ, ಜಡೆ ಮುಂದಕ್ಕೆ, ಹುಬ್ಬು ಮೇಲೆ, ತುಟಿ ಬಿಚ್ಚಿದೆ. ನೋಡಿದ ಕೂಡಲೆ ವಾಸಣ್ಣ ಎಂದು ಗೊತ್ತಾಯಿತು. ಆ ಹುಡುಗಿ ಪಟದ ಕೆಳಗೇ ಕಾಲು ಚಾಚಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದರು. ಈಗ ಎಲ್ಲರಿಗೂ ಪದ್ದಮ್ಮ, ಬಾಯಲ್ಲಿ ಹಲ್ಲು ಇಲ್ಲ. ಇಷ್ಟು ದಿನ ಪಟಗಳನ್ನೇ ನೋಡುತ್ತಿದ್ದೆನಲ್ಲದೆ, ಪಟದೊಳಗೆ ಕೂತವರನ್ನು ಕೇಳಬಹುದು ಎಂದು ನನ್ನ ಮಂಡೆಗೆ ಹೋಗಿರಲಿಲ್ಲ ನೋಡಿ.

"ಅಮ್ಮಾ, ಈ ಪಟ ತೆಗುವತ್ತಿಗೆ ವಾಸಣ್ಣ ನಿಮ್ಮತ್ರ ಎಂತ ಹೇಳಿರ್?"

ಕತ್ತಿ ನಿಂತಿತು. "ಎಂತ ಹೇಳುದ್? ಅವಂಗ್ ಬುದ್ಧಿ ಇರ್ಲಿಲ್ಲೆ. ನೀ ಉಪ್ಪುಂದದ್ ಮಂಜಯ್ಯನ ಮಗಳಲ್ದಾ ಅಂದೇಳಿ ಕೇಂಡ. ಆ ಮಂಜಯ್ಯನಿಗೂ ನಮ್ಮ್ ಅಪ್ಪಯ್ಯನಿಗೂ ಗದ್ದಿ ಅಂಚಿಂದ್ ಕೋರ್ಟಗೆ ಇತ್ತ್ ಮಾರಾಯಾ. ಅವನ ಮಗಳ್ ಅಂಬುದಾ ನನ್ನ? ಅಲ್ಲ ಅಂದೇಳುಕೆ ಬಾಯಿ ಬಿಡುದ್ರೊಳ್ಗೆ ಟಪ್ ಅಂದೇಳಿ ತೆಗ್ದೇಬಿಟ್ಟ."

ಹೇಳುವಾಗ ಪದ್ದಮ್ಮನ ಹುಬ್ಬು ಮೇಲೇರಿ ಪಟದ ಹುಬ್ಬಿಗೆ ಸರಿಯಾಗಿ ಕೂತಿತು. ಅಷ್ಟು ವರ್ಷಗಳ ಸಿಟ್ಟು, ಒಂದು ಚೂರೂ ಮಾಸಿರಲಿಲ್ಲ.

ಅದೇ ವಾರ ಬ್ರಹ್ಮಾವರದಲ್ಲಿ, ನನ್ನ ಅಂಗಡಿಗೆ ಬರುವ ಒಬ್ಬ ಹಳೆಯ ಬಸ್ ಏಜೆಂಟರ ಮನೆಯಲ್ಲಿಯೂ ಒಂದು ವಾಸಣ್ಣನ ಪಟ ಇದ್ದದ್ದು ನೆನಪಾಗಿ, ಹೋಗಿ ಅದನ್ನೇ ಕೇಳಿದೆ. "ಪಾಪ, ಕೆಲ್ಸ ಲಾಯ್ಕ್. ನೆನ್ಪ್ ಮಾತ್ರ ಇರ್ಲಿಲ್ಲೆ ಮನ್ಷಂಗೆ" ಎಂದರು ಏಜೆಂಟರು. "ನಿಮ್ದ್ ಶಂಕರನಾರಾಯಣದ್ ಬದಿ ಅಲ್ದಾ ಅಂದ್ರ್. ಅದ್ ನನ್ನ್ ಹೆಂಡ್ತಿ ಬದಿ. ಅಳಿಯನಾಯಿ ಹೋದ್ ಊರನ್ನ ನಂದ್ ಅಂದ್ರೆ ಹ್ಯಾಂಗೆ?"

ಅಂಗಡಿಗೆ ಬಂದು, ಡಬ್ಬಗಳ ನಡುವೆ ಕೂತು ಒಬ್ಬನೇ ನಕ್ಕೆ. ಬಿಜೂರಿನಿಂದ ಬ್ರಹ್ಮಾವರದವರೆಗೆ ಕಂಡಕಂಡವರ ಮನೆತನವನ್ನು ತಪ್ಪಾಗಿ ಹೇಳಿದ ಮನುಷ್ಯ ಮರೆಗುಳಿ ಆಗಿರಲು ಸಾಧ್ಯವಿಲ್ಲ.

ನಿಮಗೆ ನಮ್ಮ ಕಡೆಯ ಬಸ್ಸಿನಲ್ಲಿ ಹೋಗಿ ಗೊತ್ತಿದ್ದರೆ ಇದನ್ನು ವಿವರಿಸಬೇಕಾಗಿಲ್ಲ. ಕುಂದಾಪುರದಲ್ಲಿ ಅಪರಿಚಿತರಾಗಿ ಹತ್ತಿದ ಇಬ್ಬರು ಹೆಮ್ಮಾಡಿ ಬರುವಷ್ಟರಲ್ಲಿ "ನಿಮ್ದ್ ಎಲ್ಲಾಯ್ತ್? ಯಾರ್ ಮನಿ?" ಎಂದು ಕೆದಕಿ, ಬೈಂದೂರಿಗೆ ಮುಟ್ಟುವಾಗ ಭಾವ ಭಾವ ಆಗಿರುತ್ತಾರೆ. ನಮ್ಮ ಹೆಸರನ್ನು ತಪ್ಪಾಗಿ ಕರೆಯಿರಿ, ಪರವಾಗಿಲ್ಲ. ವಯಸ್ಸನ್ನು ಹೆಚ್ಚು ಹೇಳಿ, ನಗುತ್ತೇವೆ. ಇಂಥವರ ಮನೆಯವರು ಎಂಬುದನ್ನು ತಪ್ಪಿದಿರೋ, ಉಸಿರು ಹಿಡಿದವರೂ ಉಸಿರು ಬಿಟ್ಟು ತಿದ್ದುತ್ತೇವೆ. ಹಾಗೆ ತಿದ್ದಲು ಹೊರಟ ಮುಖದಲ್ಲಿ ಅಪ್ಪ, ಅಮ್ಮ, ಊರು, ಗದ್ದೆ ಎಲ್ಲ ಒಟ್ಟಿಗೆ ಬಂದು ನಿಂತಿರುತ್ತದೆ. ವಾಸಣ್ಣ ಕಾದದ್ದು ಅದಕ್ಕೆ.

ಗುಟ್ಟು ಸಿಕ್ಕಿದವನಿಗೆ ಕಾಲು ನಿಲ್ಲುತ್ತದೆಯೇ? ಮರುದಿನ ಬೆಳಿಗ್ಗೆಯೇ ಹೆಮ್ಮಾಡಿಗೆ ಹೋದೆ. ಚಿಕ್ಕಮ್ಮನನ್ನು ಸ್ಟೂಲಿನ ಮೇಲೆ, ಕಿಟಕಿಯ ಮಗ್ಗುಲಿಗೆ ಕೂರಿಸಿ, ಮೊಬೈಲು ಹಿಡಿದು, ಆದಷ್ಟು ಸಹಜವಾಗಿ ಕೇಳಿದೆ: "ಚಿಕ್ಕಮ್ಮ, ನಿಮ್ದ್ ಗಂಗೊಳ್ಳಿ ಬದಿ ಅಲ್ದಾ?"

ಚಿಕ್ಕಮ್ಮ ಹಿಡಿದ ಉಸಿರನ್ನು ಬಿಡಲೇ ಇಲ್ಲ. ಕಣ್ಣಿನಲ್ಲಿ ಮಾತ್ರ ಗಾಬರಿ ಮೂಡಿತು. ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದರು.

"ಚಂದ್ರಾ, ಇಳಿ ಮಾರಾಯಾ. ಇವಂಗ್ ಅಬ್ಬಿ ಮನಿ ಯಾವ್ದ್ ಅಂಬುದೇ ಮರ್ತ್ ಹೋಯ್ತ್."

ಅಬ್ಬಿ ಎಂದರೆ ನಮ್ಮಲ್ಲಿ ಅಮ್ಮ; ಚಿಕ್ಕಮ್ಮನ ತವರೇ ನನ್ನ ಅಮ್ಮನ ತವರೂ. ಚಂದ್ರ ಏಣಿ ಹಿಡಿದು ನಕ್ಕ ನಗುವಿಗೆ ಗೋಡೆಯ ಮೇಲೆ ಒಂದು ಅಡ್ಡಗೆರೆ ಬಿತ್ತು. ನಾನು ಮನೆ ಮುಟ್ಟುವ ಮೊದಲೇ ಚಿಕ್ಕಮ್ಮನ ಫೋನು ನನ್ನ ಹೆಂಡತಿಗೆ ಮುಟ್ಟಿತ್ತು. ನೆನಪಿಗೆ ಒಳ್ಳೆಯದೆಂದು ಒಂದು ವಾರ ನನಗೆ ಬೆಳಿಗ್ಗೆ ಒಂದೆಲಗದ ಚಟ್ನಿ.

ಚಟ್ನಿ ತಿನ್ನುತ್ತ ಯೋಚಿಸಿದೆ. ಬೆಳಕು, ಸ್ಟೂಲು, ಕೈ, ಕಡೆಗೆ ವಾಸಣ್ಣನ ಮಾತನ್ನೂ ಎತ್ತಿ ತಂದಾಗಿತ್ತು. ಮತ್ತೊಬ್ಬರ ಅಂಗಿ ತೊಟ್ಟು, ತೋಳು ಉದ್ದವಾಯಿತು ಎಂದು ದೂರುತ್ತಿದ್ದೆ. ಅವರ ಪಟಗಳನ್ನು ಮನಸ್ಸಿನಲ್ಲಿಯೇ ಒಂದೊಂದಾಗಿ ಮತ್ತೆ ಇಳಿಸಿ ನೋಡಿದೆ. ಆ ಮುಖಗಳಲ್ಲೆಲ್ಲ ಇನ್ನೊಂದು ಸಂಗತಿಯಿತ್ತು. ಪಟದವರು ಎದುರಿದ್ದವನಿಗಿಂತ ಹೆಚ್ಚು ತಿಳಿದವರು. ಕ್ಯಾಮರಾ ಹಿಡಿದವನು ಆ ಒಂದು ಕ್ಷಣಕ್ಕೆ ಏನೂ ತಿಳಿಯದವನಾಗಿ, ತಿಳಿದವರ ಜಾಗವನ್ನು ಕೂತವರಿಗೆ ಬಿಟ್ಟುಕೊಟ್ಟಿದ್ದಾನೆ. ನಾನೋ, ಚಿಕ್ಕಮ್ಮನ ಬಗ್ಗೆ ಎಲ್ಲ ತಿಳಿದವನು ಎಂಬ ಧೈರ್ಯದಲ್ಲಿ ಸುಳ್ಳು ಕೇಳಿದ್ದೆ. ಅದು ಅವರಿಗೆ ಮೂಸಿದ ಕೂಡಲೆ ಗೊತ್ತಾಯಿತು. ವಾಸಣ್ಣ ತಿಳಿಯದವರ ಹಾಗೆ ನಟಿಸಬೇಕಿತ್ತು. ನಾನು ನಟಿಸಬೇಕೆ? ಚಿಕ್ಕಮ್ಮನ ಬಗ್ಗೆ ನನಗೆ ನಿಜವಾಗಿಯೂ ಗೊತ್ತಿಲ್ಲದ್ದು ಎಷ್ಟಿಲ್ಲ. ಇಷ್ಟು ವರ್ಷ ಅವರು ಹುರಿದು ಕೊಟ್ಟ ಮೀನು ತಿಂದು ಎದ್ದುಬಂದೆನೇ ಹೊರತು ಒಂದು ಮಾತು ಕೇಳಿದವನಲ್ಲ.

ಆಮೇಲೆ ದಿನವೂ ಅಂಗಡಿ ತೆರೆಯುವ ಮೊದಲು ಹೆಮ್ಮಾಡಿಗೆ ಹೋದೆ. ಫೋಟೋದ ಮಾತೆತ್ತಲಿಲ್ಲ. ಮೊಬೈಲನ್ನು ಪೇಂಟಿನ ಖಾಲಿ ಬಕೆಟ್ಟು ಮಗುಚಿ ಅದರ ಮೇಲೆ, ಕೂತವರ ಮುಖದ ಎತ್ತರಕ್ಕೆ ನಿಲ್ಲಿಸಿಟ್ಟು ಚಹಾ ಕುಡಿಯುತ್ತಿದ್ದೆ. ಮೊದಮೊದಲು ಚಿಕ್ಕಮ್ಮ ಅದನ್ನು ಕಂಡು ಸೆರಗು ಎಳೆದುಕೊಳ್ಳುತ್ತಿದ್ದರು. ಬರಬರುತ್ತ ಅದು ಬಕೆಟ್ಟಿನಷ್ಟೇ ಆಯಿತು. "ಅಂಗ್ಡಿ ಬಾಗ್ಲ್ ತೆಗುದ್ ಯಾರ್?" ಎಂದು ಹೆಂಡತಿ ಕೇಳಿದಾಗಲೆಲ್ಲ "ಇವತ್ತೊಂದ್ ದಿನ" ಎಂದೆ. ಅಂಥ ಇವತ್ತುಗಳು ಬಹಳ ಆದವು. ಗಿರಾಕಿಗಳು ಬಾಗಿಲ ಮುಂದೆ ನಿಂತು ಬೈದರು. ಬೈಯಲಿ. ಚಿಕ್ಕಮ್ಮ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಎದೆ ಹಿಡಿಯುವುದನ್ನು ನಾನು ಕಂಡಿದ್ದೆ. ಅದನ್ನು ಕಂಡ ಮೇಲೆ ಬಿಡುವ ಮಾತಿರಲಿಲ್ಲ.

ಚಾವಡಿಗೆ ಕೊನೆಯ ಕೋಟು ಹೊಡೆಯುವ ದಿನ. ಚಿಕ್ಕಪ್ಪನ ಪಟ ಬೆಂಚಿಗೆ ಒರಗಿತ್ತು. ಚಿಕ್ಕಮ್ಮ ನೆಲದ ಮೇಲೆ ಕೂತು, ಮನೆಯಲ್ಲಿ ಉಡುವ ಸೀರೆಯ ಸೆರಗಿನಿಂದ ಅದರ ಗಾಜು ಒರೆಸುತ್ತಿದ್ದರು. ಏಣಿಯ ಮೇಲಿಂದ ಚಂದ್ರ ಕೇಳಿದ, "ಹೆರಿಯರ್ ಎಂತ ಓರಿ ಕಾಂತ್ರ್? ಕ್ಯಾಮರಾ ಎದ್ರಿಗಲ್ದಾ ಇಪ್ಪುದ್?"

"ಹೆದ್ರಿಕಿ ಇರ್ಕ್" ಎಂದೆ. ನಾನು ಸಣ್ಣಂದಿನಿಂದ ಹಾಗೆಯೇ ತಿಳಿದಿದ್ದೆ. "ಸ್ಟುಡಿಯೋ ಲೈಟ್ ಕಂಡ್ ಹೆದ್ರಿರ್ ಕಾಣತ್ತ್."

"ಯಾರ್, ಇವ್ರಾ?" ಚಿಕ್ಕಮ್ಮನ ತಲೆ ಮೇಲೆದ್ದಿತು. "ಗಾಳಿಗ್ ದೋಣಿ ಮಗಚಿದ್ರೂ ಹೆದ್ರದ್ ಜನ, ಲೈಟಿಗ್ ಹೆದ್ರುದಾ? ಗೊತ್ತಿಲ್ದಿದ್ರೆ ಸುಮ್ನೆ ಕೂಕಣ್ಕ್."

"ಮತ್ತೆಂತ ಕಾಂತಾ ಇದ್ರ್?"

"ನನ್ನ್."

ಚಂದ್ರನ ಬ್ರಶ್ಶು ನಿಂತಿತು. ಚಿಕ್ಕಮ್ಮ ಒರೆಸುವುದನ್ನು ಬಿಟ್ಟು, ಪಟವನ್ನು ಮೊಣಕಾಲಿಗೆ ಒರಗಿಸಿಕೊಂಡರು. "ಅವತ್ತ್ ನಾನೂ ಒಟ್ಟಿಗ್ ಹೋಯಿದೆ. ಮೀನ್ ಮಾರಿ ಮುಗ್ದಿರ್ಲಿಲ್ಲೆ, ಬುಟ್ಟಿಯಗೆ ಅರ್ಧ ಬಂಗುಡಿ ಇತ್ತ್. ಬುಟ್ಟಿ ಒಳ್ಗ್ ತರುಕಾಗ ಅಂದ್ರ್ ಆ ವಾಸಣ್ಣ. ಹೊರ್ಗ್ ಇಟ್ರೆ ಬೆಕ್ಕ್. ನಾ ಒಂದ್ ಕಾಲ್ ಒಳ್ಗೆ ಒಂದ್ ಕಾಲ್ ಹೊರ್ಗೆ, ಬಾಗ್ಲಗ್ ನಿಂತಿದೆ. ಇವ್ರ್ ಕೂಕಂಡ್ರ್, ಉಸ್ರ್ ಹಿಡ್ದ್ರ್. ಆಗ ವಾಸಣ್ಣ ಕೇಂಡ್ರ್, ಬಾಗ್ಲಗ್ ನಿಂತದ್ ನಿಮ್ಮ್ ತಂಗಿಯಾ ಅಂದೇಳಿ."

ನಾನು ಚಹಾದ ಲೋಟ ಕೆಳಗಿಟ್ಟೆ.

"ಇವ್ರಿಗ್ ಮಾತೇ ಹೊರ್ಡುದಿಲ್ಲೆ, ನಿಂಗೊತ್ತಿತ್ತಲೆ. ಮದಿ ಆಯಿ ವರ್ಷ ಆಯಿರ್ಲಿಲ್ಲೆ. ನಾಲ್ಕ್ ಜನ್ರ್ ಎದ್ರಿಗೆ ಒಂದ್ ದಿನ ನನ್ನ್ ಹೆಸ್ರ್ ಹಿಡ್ದ್ ಕರ್ದದ್ದಿಲ್ಲೆ. ಅವತ್ತ್ ಇಷ್ಟ್ ದೊಡ್ಡ ಸ್ವರ ತೆಗ್ದ್, ತಂಗಿ ಅಲ್ಲ ಮಾರಾಯ್ರೆ, ನನ್ನ್ ಹೆಂಡ್ತಿ ಅಂದ್ರ್."

ಹಾಗೆನ್ನುವಾಗ ಚಿಕ್ಕಮ್ಮನ ಕುತ್ತಿಗೆ ನೆಟ್ಟಗಾಯಿತು. ಕಣ್ಣು ನನ್ನನ್ನು ದಾಟಿ ಎಲ್ಲೋ ಬಾಗಿಲಿನ ಕಡೆಗೆ ಹೋಯಿತು. ಕೂದಲು ಕೆದರಿತ್ತು, ಕೆನ್ನೆಗೆ ಗಾಜಿನ ಧೂಳು ಹತ್ತಿತ್ತು, ತುಟಿ ಬಿಚ್ಚಿತ್ತು. ಕತೆಯಲ್ಲಿ ಮುಳುಗಿ ಮೊಬೈಲಿನತ್ತ ಕೈ ಚಾಚುವುದನ್ನೇ ಮರೆತಿದ್ದೆ. ಏಣಿಯ ಮೇಲಿಂದ ಚಂದ್ರ ಕೆಮ್ಮಿದ. ಒತ್ತಿದೆ.

"ಕಾಂಬ" ಎಂದು ಚಿಕ್ಕಮ್ಮ ಕೈ ಚಾಚಿದರು. ಕನ್ನಡಕ ತಂದುಕೊಟ್ಟೆ. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಬೈಯಲಿಲ್ಲ, ನಗಲಿಲ್ಲ. ಇಷ್ಟವಾಗಲಿಲ್ಲ ಎಂದೇ ತಿಳಿದು, ನಾಳೆ ಮತ್ತೆ ಎಷ್ಟು ಹೊತ್ತಿಗೆ ಬರಲಿ ಎಂದು ಲೆಕ್ಕ ಹಾಕತೊಡಗಿದೆ.

"ಇದ್ ಯಾರ್?" ಎಂದರು.

"ನೀವೇ ಚಿಕ್ಕಮ್ಮ."

"ಅಲ್ಲ. ಇದ್ ನಮ್ಮಬ್ಬಿ."

ಅಮ್ಮಮ್ಮನನ್ನು ನಾನು ಕಂಡಿಲ್ಲ. ನಾನು ಹುಟ್ಟುವ ಮೊದಲೇ ಹೋದವರು. ಒಂದೇ ಒಂದು ಪಟವೂ ಇಲ್ಲದೆ ಹೋದವರು. ಚಿಕ್ಕಮ್ಮ ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದರು: "ಅಬ್ಬಿ ಮುಖ ನೆನ್ಪಿಗೇ ಬತ್ತಿರ್ಲಿಲ್ಲೆ ಮಗಾ. ಎಷ್ಟ್ ವರ್ಷ ಆಯ್ತ್ ಏನೋ. ಅಬ್ಬಿ ಮುಖ ಮರ್ತ್ ಹೋಯ್ತ್ ಅಂದೇಳಿ ಯಾರತ್ರ ಹೇಳುದ್? ಆಸ್ಪತ್ರಿಯಗೆ ಮಲ್ಕಂಡ್ ರಾಶಿ ನೆನ್ಸಿದೆ, ಬರ್ಲಿಲ್ಲೆ. ಕಾಣ್, ನಮ್ಗ್ ಎಂತಾರೂ ಹೇಳ್ವತ್ತಿಗೆ ಅಬ್ಬಿ ಬಾಯಿ ಸಮಾ ಹೀಂಗೇ ಇತ್ತ್."

ಪರದೆಯ ಬೆಳಕು ಆರಿತು. ಅವರು ಗಾಬರಿಯಿಂದ ನನ್ನ ಕಡೆ ಚಾಚಿದರು. ಒತ್ತಿ ಕೊಟ್ಟೆ. ಮತ್ತೆ ನೋಡಿದರು. ನಾನೂ ಅವರ ಹೆಗಲ ಹಿಂದೆ ನಿಂತು ನನ್ನ ಅಮ್ಮಮ್ಮನನ್ನು ಮೊದಲ ಸಲ ನೋಡಿದೆ.

"ಎರ್ಡ್ ಮಾಡ್ಸ್" ಎಂದರು ಕೊನೆಗೆ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು.

"ಎರ್ಡ್ ಎಂತಕ್ಕೆ?"

"ಒಂದ್ ನಂದ್, ಇವ್ರ್ ಬದಿಗೆ. ಒಂದ್ ಅಬ್ಬಿದ್, ಆಚಿ ಗ್ವಾಡಿಗೆ. ಚಂದ್ರಾ, ಅಲ್ಲೊಂದ್ ಮೊಳಿ ಹೊಡಿ." ಆಮೇಲೆ ನನ್ನ ಕಡೆ ತಿರುಗಿ, ಸೊಸೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಹೂ ಹಾಕುವತ್ತಿಗೆ ಮಾತ್ರ ಸಮಾ ಕಂಡ್ ಹಾಕಿ. ನಾ ಇನ್ನೂ ಸಾಯ್ಲಿಲ್ಲೆ."